ಮುಟ್ಟಿದ ಮೇಲೆ ತಿಳಿಯುವ ಮಾತು



ರೋಹಿಣಿ ಮಳೆ ಚೆನ್ನಾಗಿ ಬಿದ್ದ ಸಂಜೆ ದೂಧಗಂಗೆಯ ದಂಡೆಯ ಬೇವಿನ ಗಿಡದ ಕೆಳಗೆ ನಿಂತು ನೋಡಿದವರು ನಿಮ್ಮಲ್ಲಿ ಅನೇಕರಿದ್ದೀರಿ. ಹೊತ್ತು ಮುಳುಗಿ ಸ್ವಲ್ಪ ಹೊತ್ತಿಗೆ ನೆಲದಿಂದ ಕಂದು ದುಂಬಿಗಳು ಏಳುತ್ತವೆ. ಗಿಡದ ಸುತ್ತ ಗುಂಯ್‌ಗುಡುತ್ತ ಹಾರಿ, ಟೊಂಗೆ ಟೊಂಗೆಗೆ ಕೂರುತ್ತವೆ. ನಮ್ಮ ಕಬ್ಬಿನ ಬೇರು ತಿನ್ನುವ ಗೊಣ್ಣೆ ಹುಳದ ತಂದೆ ತಾಯಿ ಇವೇ. ನಿಪ್ಪಾಣಿ ಕಡೆ ಮರಾಠಿ ಮಾತಿನಲ್ಲಿ ಇದಕ್ಕೆ ಹುಮಣಿ ಅನ್ನುತ್ತಾರೆ. ವರ್ಷಕ್ಕೆ ಒಂದೇ ಸಂತತಿ. ವರ್ಷದ ಬಹುಭಾಗ ಮಣ್ಣಿನಲ್ಲಿ ಕಳೆದ ಜೀವ ಕೆಲವು ಸಂಜೆಗಳ ಮಟ್ಟಿಗೆ ಮೇಲೆ ಬಂದು, ಜೋಡಿ ಕಂಡುಕೊಂಡು, ಬೆಳಗಾಗುವುದರೊಳಗೆ ಮತ್ತೆ ಮಣ್ಣು ಸೇರುತ್ತದೆ.

ಒಮ್ಮೆ ನಾನು ಬ್ಯಾಟರಿಗೆ ಕೆಂಪು ಕಾಗದ ಸುತ್ತಿಕೊಂಡು, ಕೈಗೆಟಕುವ ಒಂದು ಟೊಂಗೆಯ ಹತ್ತಿರ ಅರ್ಧ ತಾಸು ನಿಂತೆ. ಒಂದು ಗೇಣು ದೂರದಲ್ಲಿ ಎಲೆ ಕಚ್ಚಿ ಕೂತ ಹೆಣ್ಣು. ಹಾರಿ ಬಂದ ಗಂಡು ನೇರವಾಗಿ ಅದರ ಮೇಲೆ ಇಳಿಯಲಿಲ್ಲ. ಪಕ್ಕಕ್ಕೆ ಬಿದ್ದು, ತೆವಳಿ ಬಂದು, ಮೀಸೆಯಿಂದ ಬೆನ್ನು ತಡವಿತು. ಆಮೇಲೆ ಏರಿ ಕಾಲುಗಳಿಂದ ಅಪ್ಪಿಕೊಂಡಿತು. ಜೋಡಿ ಕೂಡಿದ ಮೇಲೆ ಗಂಡು ಕೈಬಿಟ್ಟು ತಲೆಕೆಳಗಾಗಿ ಜೋತುಬಿತ್ತು. ಮತ್ತೊಂದು ಗಂಡು ಇನ್ನೊಂದು ಗಂಡನ್ನೇ ತಡವಿ, ತಟ್ಟನೆ ಬಿಟ್ಟು ಹೊರಟಿತು. ದೂರದಿಂದ ವಾಸನೆ ಕರೆಯುತ್ತದೆ, ನಿಜ. ರಾಜಸ್ಥಾನದಲ್ಲಿರುವ ಇದರ ದಾಯಾದಿ ದುಂಬಿಯಲ್ಲಿ ಹೆಣ್ಣು ಸೂಸುವ ವಾಸನೆ ಅನಿಸೋಲ್ ಎಂಬ ಸರಳ ರಾಸಾಯನಿಕ ಎಂದು ಗುರುತಿಸಿದ್ದಾರೆ. ಆದರೆ ಹತ್ತಿರ ಬಂದ ಮೇಲೆ ಇದು ನನ್ನ ಜಾತಿಯದೋ, ಹೆಣ್ಣೋ, ಒಪ್ಪಿಗೆ ಇದೆಯೋ ಎಂಬುದಕ್ಕೆ ಉತ್ತರ ಸಿಗಬೇಕಾದರೆ ಮುಟ್ಟಲೇಬೇಕು.

ಮುಟ್ಟುವುದು ಕೀಟಕ್ಕೆ ಸುಲಭವಲ್ಲ. ನಮ್ಮ ಹಾಗೆ ಮೆತ್ತನೆಯ ಚರ್ಮ ಅದಕ್ಕಿಲ್ಲ, ಮೈತುಂಬ ಗಟ್ಟಿ ಕವಚ. ಕಬ್ಬಿಣದ ಅಂಗಿ ತೊಟ್ಟವನಿಗೆ ಇನ್ನೊಬ್ಬರ ಕೈ ತಾಕಿದ್ದು ತಿಳಿಯುವುದು ಹೇಗೆ? ಕವಚದಿಂದ ಹೊರಗೆ ಚಾಚಿದ ಕೂದಲುಗಳಿಂದ. ಇಂಥ ಪ್ರತಿ ಕೂದಲಿನ ಬುಡದಲ್ಲಿ ನರಕೋಶವಿದೆ. ಕೂದಲು ಎಳ್ಳಷ್ಟು ಬಾಗಿದರೂ ಅದು ಮಿದುಳಿಗೆ ಸುದ್ದಿ ಕಳಿಸುತ್ತದೆ. ಮೀಸೆ, ಕಾಲು, ಹೊಟ್ಟೆಯ ತುದಿ, ಜನನಾಂಗ, ಎಲ್ಲೆಲ್ಲೂ ಈ ಕೂದಲುಗಳಿವೆ. ಕೆಲವಂತೂ ಮುಟ್ಟುತ್ತಲೇ ರುಚಿಯನ್ನೂ ನೋಡುತ್ತವೆ.

ಬಾಳೆಹಣ್ಣು ಕೊಳೆತರೆ ಮುತ್ತುವ ಸಣ್ಣ ಹಣ್ಣಿನ ನೊಣವನ್ನೇ ನೋಡಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಈ ನೊಣದ ತಳಿಗಳನ್ನು ಕಾಪಾಡಲೆಂದೇ ಒಂದು ಕೇಂದ್ರವಿದೆ. ಗಂಡು ನೊಣ ಹೆಣ್ಣಿನ ಹಿಂದೆ ಹೋಗಿ ಮುಂಗಾಲಿನಿಂದ ಅದರ ಹೊಟ್ಟೆಯನ್ನು ತಟ್ಟುತ್ತದೆ. ಆ ಕಾಲಿನಲ್ಲಿ ರುಚಿಯ ಕೂದಲುಗಳಿವೆ, ಹೆಣ್ಣಿನ ಕಾಲಿಗಿಂತ ಹೆಚ್ಚು. ಹೆಣ್ಣಿನ ಮೈಮೇಲಿನ ಮೇಣದಂಥ ಜಿಡ್ಡೇ ಗುರುತಿನ ಚೀಟಿ. ಅದನ್ನು ಓದಿಕೊಂಡ ಮೇಲೆಯೇ ಗಂಡು ಒಂದು ರೆಕ್ಕೆ ಚಾಚಿ ಹಾಡಲು ತೊಡಗುತ್ತದೆ.

ರೇಷ್ಮೆ ಸಾಕುವವರಿಗೆ ಪತಂಗದ ಕಥೆ ಗೊತ್ತು. 1959ರಲ್ಲಿ ಜರ್ಮನಿಯ ವಿಜ್ಞಾನಿ ಬ್ಯೂಟನಾಂಟ್ ಹೆಣ್ಣು ರೇಷ್ಮೆ ಪತಂಗದ ವಾಸನೆಯ ವಸ್ತುವನ್ನು ಬೇರ್ಪಡಿಸಿ ಬಾಂಬಿಕಾಲ್ ಎಂದು ಹೆಸರಿಟ್ಟರು. ಅಂದಿನಿಂದ ಎಲ್ಲರ ಬಾಯಲ್ಲೂ ವಾಸನೆಯದೇ ಮಾತು. ಬಿತ್ತನೆ ಕೋಠಿಯಲ್ಲಿ ನಿಂತು ನೋಡಿದರೆ ಇನ್ನೊಂದು ಸಂಗತಿ ಕಾಣುತ್ತದೆ. ವಾಸನೆ ಹಿಡಿದ ಗಂಡು ರೆಕ್ಕೆ ಬಡಿಯುತ್ತ ಬರುತ್ತದೆ. ಆದರೆ ಹೆಣ್ಣಿನ ಮೈ ಮೀಸೆಗೆ ತಾಕಿದ ಗಳಿಗೆಯಲ್ಲಿ ನಡೆ ಬದಲಾಗುತ್ತದೆ. ಗಂಡು ತಿರುಗಿ, ಹೊಟ್ಟೆಯ ತುದಿ ಬಾಗಿಸಿ, ಹಿಡಿ ಸಿಗುವ ತನಕ ತಡಕಾಡುತ್ತದೆ.

ಕೂಡಿದ ಮೇಲೂ ಸ್ಪರ್ಶ ನಿಲ್ಲುವುದಿಲ್ಲ. ವಿಲಿಯಂ ಎಬರ್‌ಹಾರ್ಡ್ ಎಂಬ ವಿಜ್ಞಾನಿ 131 ಜಾತಿಯ ಕೀಟ ಮತ್ತು ಜೇಡಗಳನ್ನು ತಾಳ್ಮೆಯಿಂದ ಗಮನಿಸಿ 1994ರಲ್ಲಿ ಬರೆದರು: ಶೇಕಡಾ 81 ಜಾತಿಗಳಲ್ಲಿ ಗಂಡು ಕೂಡಿರುವಾಗಲೂ ಹೆಣ್ಣನ್ನು ಸವರುತ್ತದೆ, ತಟ್ಟುತ್ತದೆ, ಅಲುಗಿಸುತ್ತದೆ. ಜೋಡಿಯಾದ ಮಾತ್ರಕ್ಕೆ ಗಂಡಿನ ಕೆಲಸ ಮುಗಿಯಲಿಲ್ಲ, ಆ ಗಂಡಿನ ಬೀಜವನ್ನು ಉಳಿಸಿಕೊಳ್ಳುವುದೋ ಬಿಡುವುದೋ ಎಂಬುದು ಹೆಣ್ಣಿನ ಕೈಯಲ್ಲೂ ಇದೆ ಎಂಬುದು ಅವರ ವಾದ. ಹೆಣ್ಣನ್ನು ಸುಮ್ಮನೆ ಒಪ್ಪಿಕೊಳ್ಳುವ ಪಾತ್ರೆಯಂತೆ ಕಂಡ ಹಳೆಯ ಪ್ರಾಣಿಶಾಸ್ತ್ರವನ್ನು ಈ ಮಾತು ತಿದ್ದಿತು. ನನಗೆ ಇದು ಬಹಳ ದೊಡ್ಡ ತಿದ್ದುಪಡಿ ಎನಿಸುತ್ತದೆ.

ಈಗ ಅಥಣಿಯ ದ್ರಾಕ್ಷಿ ಬೆಳೆಗಾರರು ಸ್ವಲ್ಪ ಕಿವಿಗೊಡಬೇಕು. ಬಳ್ಳಿಯ ಎಲೆಯಡಿ ಕೂರುವ ಜಿಗಿಹುಳದ ಬಳಗ ದೂರದಿಂದಲೇ ಮುಟ್ಟುತ್ತದೆ. ಗಂಡು ಹೊಟ್ಟೆ ನಡುಗಿಸಿದರೆ ನಡುಕ ಎಲೆಯಿಂದ ಕಾಂಡಕ್ಕೆ, ಕಾಂಡದಿಂದ ಇನ್ನೊಂದು ಎಲೆಗೆ ಹರಿಯುತ್ತದೆ. ಅಲ್ಲಿ ಕೂತ ಹೆಣ್ಣು ಕಾಲಿನಿಂದ ಅದನ್ನು ಹಿಡಿದು ತಾನೂ ನಡುಗಿ ಉತ್ತರ ಕೊಡುತ್ತದೆ. ನಮ್ಮ ಕಿವಿಗೆ ಏನೂ ಕೇಳಿಸುವುದಿಲ್ಲ. ಇಟಲಿಯ ಟ್ರೆಂಟಿನೊದಲ್ಲಿ ಎಡ್ಮಂಡ್ ಮಾಕ್ ಸಂಸ್ಥೆಯವರು ಇಲ್ಲೊಂದು ಸೂಕ್ಷ್ಮ ಕಂಡರು. ಒಂದು ಜೋಡಿ ಹೀಗೆ ಮಾತಾಡುವಾಗ ಪ್ರತಿಸ್ಪರ್ಧಿ ಗಂಡು ನಡುವೆ ಅಡ್ಡ ನಡುಕ ಎಬ್ಬಿಸಿ ಕೆಡಿಸುತ್ತದೆ. ಆ ಅಡ್ಡ ನಡುಕವನ್ನೇ ಮುದ್ರಿಸಿಕೊಂಡು, ಬಳ್ಳಿ ಹಬ್ಬಿಸಿದ ತಂತಿಗೆ ಸಣ್ಣ ಯಂತ್ರ ಕಟ್ಟಿ ಹರಿಸಿದರು. ಹುಳಗಳ ಜೋಡಿ ಕೂಡುವುದು ಬಹಳ ಕಡಿಮೆಯಾಯಿತು. 2017ರಲ್ಲಿ ತೋಟದ ಮಟ್ಟದಲ್ಲೂ ಇದನ್ನು ಹಚ್ಚಿದರು. ಒಂದು ಹನಿ ವಿಷವೂ ಇಲ್ಲ. ನಮ್ಮ ದ್ರಾಕ್ಷಿಯೂ ತಂತಿಯ ಮೇಲೆಯೇ ಇದೆ. ಆದರೆ ಇಟಲಿಯ ಹುಳದ ಮಾತು ನಮ್ಮ ಹುಳಕ್ಕೆ ತಿಳಿಯದು. ನಮ್ಮ ಜಿಗಿಹುಳದ ನಡುಕವನ್ನು ನಮ್ಮ ತೋಟದಲ್ಲೇ ಹಿಡಿದು ಕಲಿಯಬೇಕು. ಕೃಷಿ ಪದವಿ ಓದುತ್ತಿರುವ ನಮ್ಮ ಹುಡುಗ ಹುಡುಗಿಯರು ಇದನ್ನು ಕೈಗೆತ್ತಿಕೊಳ್ಳಲಿ ಎಂಬುದು ನನ್ನ ಆಸೆ.

ರಾಯಬಾಗ, ಕಾಗವಾಡ, ಚಿಕ್ಕೋಡಿಯ ಕಬ್ಬಿನವರಿಗೆ ಇನ್ನೊಂದು ಮಾತು. ಮುಂದಿನ ಮುಂಗಾರು ಪೂರ್ವದ ಮಳೆ ಬಿದ್ದ ಸಂಜೆ ಮಕ್ಕಳನ್ನು ಕರೆದುಕೊಂಡು ಬೇವು, ಜಾಲಿ, ಬಾರೆ ಗಿಡಗಳ ಹತ್ತಿರ ಹೋಗಿ. ಮೊದಲು ಅರ್ಧ ತಾಸು ನೋಡಿ: ಮೀಸೆ ತಡವುವುದು, ಅಪ್ಪುವುದು, ಜೋತುಬೀಳುವುದು. ಆಮೇಲೆ ಕೆಳಗೆ ತಾಡಪತ್ರಿ ಹಾಸಿ ಟೊಂಗೆ ಜಾಡಿಸಿ, ಬಿದ್ದ ದುಂಬಿಗಳನ್ನು ಸೀಮೆಎಣ್ಣೆ ಬೆರೆಸಿದ ನೀರಿನ ಬಕೀಟಿಗೆ ಹಾಕಿ. ಒಂದು ಹೊಲದವರು ಮಾತ್ರ ಮಾಡಿದರೆ ಸಾಲದು, ಊರೆಲ್ಲ ಒಂದೇ ವಾರ ಮಾಡಬೇಕು. ಹೆಣ್ಣು ಮಣ್ಣಿಗಿಳಿದು ಮೊಟ್ಟೆ ಇಟ್ಟ ಮೇಲೆ ಆ ವರ್ಷದ ಕಬ್ಬನ್ನು ಉಳಿಸಿಕೊಳ್ಳುವುದು ಬಹಳ ಕಷ್ಟ.