ಪೊಟರೆಗಾಗಿ ಹಕ್ಕಿಗಳ ಜಗಳ



ಹಿತ್ತಲಿನಲ್ಲಿ ಕಟ್ಟಿದ ಗೂಡುಪೆಟ್ಟಿಗೆಯ ಮುಂದೆ ಹಕ್ಕಿಗಳು ಕಾದಾಡುವುದನ್ನು ಹಲವರು ಕಂಡಿರಬಹುದು. ಮಡಿವಾಳ ಹಕ್ಕಿಯ ಜೋಡಿ ನಾರು, ಬೇರುಗಳನ್ನು ತಂದು ಒಳಗಿಡುತ್ತದೆ. ಮೈನಾ ಬಂದು ಅದನ್ನೆಲ್ಲ ಎಳೆದು ಹೊರಗೆ ಬಿಸುಡುತ್ತದೆ. ನೋಡಿದವರು ಮೈನಾದತ್ತ ಕಲ್ಲು ಬೀರುತ್ತಾರೆ. ಕಲ್ಲು ಕೈಗೆತ್ತಿಕೊಳ್ಳುವ ಮುನ್ನ ಈ ಜಗಳದ ಮೂಲವನ್ನು ವಿಚಾರಿಸುವುದು ಒಳಿತು.

ಪೊಟರೆಯಲ್ಲಿ ಮೊಟ್ಟೆಯಿಡುವ ಹಕ್ಕಿಗಳಲ್ಲಿ ಎರಡು ಬಗೆ. ಮರಕುಟಿಗ ಮತ್ತು ಕುಟ್ರುಹಕ್ಕಿಗಳು ಒಣಗಿದ ಅಥವಾ ಮೆದುವಾದ ಮರವನ್ನು ತಾವೇ ಕೊರೆದು ಮನೆ ಮಾಡಿಕೊಳ್ಳುತ್ತವೆ. ಮಡಿವಾಳ, ಮೈನಾ, ಹಾಲಕ್ಕಿಗಳಿಗೆ ಕೊರೆಯುವ ಕೊಕ್ಕಿಲ್ಲ. ಅವು ಮೊದಲಿನವು ಬಿಟ್ಟುಹೋದ ಮನೆಗಾಗಿ, ಇಲ್ಲವೆ ಕೊಂಬೆ ಮುರಿದ ಜಾಗ ಕೊಳೆತು ಉಂಟಾದ ಪೊಟರೆಗಾಗಿ ಕಾಯಬೇಕು. ಮಂಗಟ್ಟೆಯಂತಹ ದೊಡ್ಡ ಹಕ್ಕಿಗಂತೂ ಹೆಮ್ಮರವೇ ಬೇಕು. ಪೊಟರೆಗಳು ಕಡಿಮೆಯಾದಷ್ಟೂ ಕಾದಾಟ ಹೆಚ್ಚುತ್ತದೆ.

ಇದಕ್ಕೆ ಅಮೆರಿಕದ ಉದಾಹರಣೆ ಪ್ರಸಿದ್ಧವಾದುದು. ಅಲ್ಲಿಯ ನೀಲಿಹಕ್ಕಿಯೂ ಪೊಟರೆವಾಸಿ. ಯುರೋಪಿನ ಗುಬ್ಬಚ್ಚಿಗಳನ್ನು 1850ರ ದಶಕದ ಆರಂಭದಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಬಿಡಲಾಯಿತು. 1890ರಲ್ಲಿ ಅದೇ ನಗರದ ಸೆಂಟ್ರಲ್ ಪಾರ್ಕ್‌ನಲ್ಲಿ ಮೈನಾ ಕುಲದ ಸ್ಟಾರ್ಲಿಂಗ್ ಹಕ್ಕಿಗಳನ್ನು ಬಿಡಲಾಯಿತು. ಎರಡೂ ಖಂಡದುದ್ದಕ್ಕೂ ಹರಡಿ ಪೊಟರೆಗಳನ್ನು ಆಕ್ರಮಿಸಿದವು. ಇತ್ತ ಹಳೆಯ ಮರಗಳೂ ಮರದ ಬೇಲಿಕಂಬಗಳೂ ಇಲ್ಲವಾದವು. ನೀಲಿಹಕ್ಕಿಗಳ ಸಂಖ್ಯೆ ಕುಸಿಯಿತು. ಆಗ ಜನಸಾಮಾನ್ಯರೇ ಸಾಲುಸಾಲಾಗಿ ಪೆಟ್ಟಿಗೆಗಳನ್ನು ನೆಟ್ಟು ಅವನ್ನು ಉಳಿಸಿಕೊಂಡರು.

ಅವರು ಕಲಿತ ಪಾಠಗಳು ಗಮನಾರ್ಹ. ಬಾಗಿಲ ರಂಧ್ರ ಸುಮಾರು 38 ಮಿಲಿಮೀಟರ್ ಇದ್ದರೆ ನೀಲಿಹಕ್ಕಿ ನುಸುಳುತ್ತದೆ, ಸ್ಟಾರ್ಲಿಂಗ್ ನುಸುಳಲಾರದು. ಆದರೆ ಗುಬ್ಬಚ್ಚಿ ನುಸುಳಿ, ಗೂಡಿನಲ್ಲಿರುವ ಹಕ್ಕಿಯನ್ನು ಕುಕ್ಕಿ ಕೊಲ್ಲುವುದೂ ಉಂಟು. ಟ್ರೀ ಸ್ವಾಲೋ ಎಂಬ ಸ್ಥಳೀಯ ಹಕ್ಕಿಯ ಪೈಪೋಟಿಗೆ ಬೇರೊಂದು ಉಪಾಯ: ಎರಡು ಪೆಟ್ಟಿಗೆಗಳನ್ನು ಕೆಲವೇ ಮೀಟರ್ ಅಂತರದಲ್ಲಿ ನೆಡುವುದು. ಸ್ವಾಲೋ ತನ್ನ ಜಾತಿಯ ಇನ್ನೊಂದು ಜೋಡಿಯನ್ನು ಹತ್ತಿರ ಸೇರಿಸದು, ನೀಲಿಹಕ್ಕಿಯನ್ನು ಸಹಿಸುತ್ತದೆ. ಎರಡಕ್ಕೂ ಮನೆ ದೊರೆಯುತ್ತದೆ.

ಅಲ್ಲಿ ಖಳನೆನಿಸಿದ ಅದೇ ಗುಬ್ಬಚ್ಚಿಗಾಗಿ ಭಾರತದಲ್ಲಿ ಜನರು ಪೆಟ್ಟಿಗೆ ಕಟ್ಟುತ್ತಾರೆ. 2010ರಿಂದ ಮಾರ್ಚ್ 20ನ್ನು ಗುಬ್ಬಚ್ಚಿ ದಿನವೆಂದು ಆಚರಿಸಲಾಗುತ್ತಿದೆ. ಮೈನಾದ ಕಥೆಯೂ ಹಾಗೆಯೆ. 1860ರ ದಶಕದಲ್ಲಿ ಮೆಲ್ಬರ್ನ್‌ಗೆ ಒಯ್ದ ಮೈನಾ ಆಸ್ಟ್ರೇಲಿಯಾದ ಗಿಳಿಗಳಿಗೆ ಕಂಟಕವಾಯಿತು. ಮಲೆನಾಡಿನಲ್ಲಾದರೋ ಅದು ಮಡಿವಾಳದಷ್ಟೇ ಹಕ್ಕುಳ್ಳ ನಿವಾಸಿ. ತೋಟದ ಕೀಟಗಳನ್ನು ಎರಡೂ ತಿನ್ನುತ್ತವೆ. ಆದುದರಿಂದ ಇಲ್ಲಿ ತಪ್ಪು ಮೈನಾದ್ದಲ್ಲ, ಪೊಟರೆಗಳನ್ನು ಇಲ್ಲವಾಗಿಸಿದವರದು. ಸೌದೆಗೆಂದು ಮೊದಲು ಕೊಡಲಿ ಬೀಳುವುದು ಒಣಮರಕ್ಕೆ. ಕಾಫಿ ತೋಟಗಳಲ್ಲಿ ಹಲವು ಜಾತಿಯ ನೆರಳುಮರಗಳ ಸ್ಥಾನವನ್ನು ನೆಟ್ಟಗೆ ಬೆಳೆಯುವ ಸಿಲ್ವರ್ ಓಕ್ ಆಕ್ರಮಿಸಿದೆ.

ಪೆಟ್ಟಿಗೆ ಕಟ್ಟುವವರು ಕಟ್ಟಲಿ. ಒಂದರ ಬದಲು ಬೇರೆಬೇರೆ ಅಳತೆಯ ಬಾಗಿಲುಗಳುಳ್ಳ ಎರಡು-ಮೂರು ಇರಲಿ. ಬಾಗಿಲ ಮುಂದೆ ಕೂರುವ ಕಡ್ಡಿ ಬೇಡ, ಅದು ನುಗ್ಗುವವರಿಗೇ ಅನುಕೂಲ. ನೀರು ಬಸಿಯಲು ತಳದಲ್ಲಿ ತೂತುಗಳಿರಲಿ. ಬೇಸಿಗೆ ಮೊದಲಾಗುವ ಮುನ್ನವೇ ಕಟ್ಟಬೇಕು.

ಆದರೆ ಮಂಗಟ್ಟೆಗೂ ಹಾಲಕ್ಕಿಗೂ ಕುಟ್ರುಹಕ್ಕಿಗೂ ಸಾಲುವಷ್ಟು ಪೆಟ್ಟಿಗೆಗಳನ್ನು ಯಾವ ಬಡಗಿಯೂ ಮಾಡಿಕೊಡಲಾರ. ಸೊಪ್ಪಿನ ಬೆಟ್ಟದಲ್ಲಿ, ತೋಟದ ಅಂಚಿನಲ್ಲಿ, ದಾರಿಗೂ ಮನೆಗೂ ಅಪಾಯವಿಲ್ಲದೆಡೆ ನಿಂತಿರುವ ಒಣಮರವನ್ನು ಹಾಗೆಯೇ ಬಿಡುವುದು ಖರ್ಚಿಲ್ಲದ ಕೆಲಸ. ಈ ಬೇಸಿಗೆಯಲ್ಲಿ ವಿದ್ಯಾರ್ಥಿಗಳು ತಮ್ಮ ತಮ್ಮ ಊರಿನ ಪೊಟರೆಮರಗಳನ್ನು ಎಣಿಸಿ ಪಟ್ಟಿ ಮಾಡಲಿ. ಹಿರಿಯರು ಆ ಪಟ್ಟಿಯಲ್ಲಿರುವ ಮರಗಳಿಗೆ ಕೊಡಲಿ ತಾಗದಂತೆ ನೋಡಿಕೊಳ್ಳಲಿ. ಪೊಟರೆಗಳು ಹೆಚ್ಚಿದರೆ ಜಗಳ ತಾನಾಗಿಯೇ ತಗ್ಗುತ್ತದೆ.