ಆಸ್ಪತ್ರೆಯಲ್ಲಿ ಹಿರಿಯರು ಬೀಳದಂತೆ

(ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ನಾವು ವೈದ್ಯರಲ್ಲ, ಬ್ಯಾಂಕಿನ ಗುಮಾಸ್ತರು. ಆದರೂ ಈ ವಿಷಯವಾಗಿ ನಾಲ್ಕು ಮಾತಾಡಲು ನಮಗೊಂದು ಕಾರಣವುಂಟು.

ಹೋದ ವರ್ಷ ಊರಿನಿಂದ ಬಂದಿದ್ದ ನಮ್ಮ ತಂದೆಯವರನ್ನು ಜ್ವರಕ್ಕೆಂದು ಈ ನಗರದ ಒಂದು ಆಸ್ಪತ್ರೆಗೆ ಸೇರಿಸಿದೆವು. ಜ್ವರವೇನೋ ಇಳಿಯಿತು. ಮೂರನೆಯ ರಾತ್ರಿ, ನಾವು ಮನೆಗೆ ಹೋಗಿದ್ದಾಗ, ಮೂತ್ರಕ್ಕೆಂದು ಒಬ್ಬರೇ ಎದ್ದು ಬಿದ್ದರು. ಸೊಂಟದ ಬಳಿ ಮೂಳೆ ಮುರಿಯಿತು. ಕರೆಗಂಟೆ ಕೈಗೆಟಕುವಂತೆಯೇ ಇದ್ದಿತು. ಏಕೆ ಒತ್ತಲಿಲ್ಲವೆಂದು ಕೇಳಿದೆವು. “ಆ ಹುಡುಗಿ ಬಂದು ತಮಿಳಿನಲ್ಲಿ ಕೇಳಿದರೆ ನಾನೇನು ಹೇಳಲಪ್ಪ?” ಎಂದರು.

ಮಹನೀಯರೆ, ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 6,84,000 ಮಂದಿ ಬಿದ್ದು ಸಾಯುವರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಅವರಲ್ಲಿ 60 ದಾಟಿದವರೇ ಹೆಚ್ಚು. ಆಸ್ಪತ್ರೆಯಲ್ಲಿ ಅಪಾಯ ಇನ್ನೂ ಅಧಿಕ. ಕಾಯಿಲೆಯಿಂದ ಕಾಲಿನ ಬಲ ಕುಗ್ಗಿರುತ್ತದೆ. ನಿದ್ರೆಯ ಮಾತ್ರೆ ಮಂಪರು ತರುತ್ತದೆ. ರಕ್ತದೊತ್ತಡದ ಮಾತ್ರೆ ತೆಗೆದುಕೊಂಡವರು ಥಟ್ಟನೆ ಎದ್ದರೆ ತಲೆ ಸುತ್ತಬಹುದು. ಹಾಸಿಗೆಯೂ ಹೊಸದು, ದಾರಿಯೂ ಹೊಸದು.

ವೃದ್ಧರ ಚಿಕಿತ್ಸೆಯಲ್ಲಿ ಈ ನಗರವು ಹಿಂದುಳಿದಿಲ್ಲ. 1978ರಲ್ಲಿಯೇ ಡಾ. ವಿ. ಎಸ್. ನಟರಾಜನ್ ಅವರು ಇಲ್ಲಿನ ಸರಕಾರಿ ಜನರಲ್ ಆಸ್ಪತ್ರೆಯಲ್ಲಿ ವೃದ್ಧರಿಗೆಂದೇ ಹೊರರೋಗಿ ವಿಭಾಗವನ್ನು ಆರಂಭಿಸಿದರು. 2024ರಲ್ಲಿ ಗಿಂಡಿಯಲ್ಲಿ 200 ಹಾಸಿಗೆಗಳ ರಾಷ್ಟ್ರೀಯ ವೃದ್ಧಾಪ್ಯ ಕೇಂದ್ರವೂ ತೆರೆಯಿತು. ಆದರೆ ಹಿರಿಯರ ಸಂಕೋಚಕ್ಕೆ ಯಾವ ವೈದ್ಯರೂ ಔಷಧ ಬರೆಯಲಾರರು. ಅದು ನಮ್ಮ ಕೆಲಸ.

ಮಾಡಬೇಕಾದುದು ಬಹಳವಿಲ್ಲ. ಮಂಚವನ್ನು ತಗ್ಗಿಸಿ ಗಾಲಿಗೆ ಬ್ರೇಕು ಹಾಕಿದೆಯೇ ಎಂದು ನೋಡಿರಿ. ಕನ್ನಡಕ, ಊರುಗೋಲು, ನೀರು ಕೈಯಳತೆಯಲ್ಲಿರಲಿ. ಸವೆದ ಹವಾಯಿ ಚಪ್ಪಲಿ ಬೇಡ. ಜಾರದ ಪಾದರಕ್ಷೆ ಕೊಡಿಸಿರಿ. ಎದ್ದೊಡನೆ ನಡೆಯದೆ, ಮಂಚದ ಅಂಚಿನಲ್ಲಿ ಒಂದೆರಡು ನಿಮಿಷ ಕುಳಿತು ಏಳಲಿ. ಮಲಗುವ ಮುನ್ನ ನೀವೇ ಕೈಹಿಡಿದು ಶೌಚಾಲಯಕ್ಕೆ ಕರೆದೊಯ್ಯಿರಿ. ಪಕ್ಕದ ಕಂಬಿಗಳನ್ನೇ ನಂಬಬೇಡಿರಿ. ಅವನ್ನು ಹತ್ತಿ ದಾಟಲು ಹೋದವರು ಮತ್ತಷ್ಟು ಎತ್ತರದಿಂದ ಬೀಳುತ್ತಾರೆ.

ಕೊನೆಯದಾಗಿ, “ಸಿಸ್ಟರ್, ಬಾತ್‌ರೂಮ್ ಪೋಗಣುಂ” ಎಂಬ ಮೂರು ಮಾತುಗಳನ್ನು ಕಲಿಸಿ, ಕನ್ನಡ ಲಿಪಿಯಲ್ಲಿ ದಪ್ಪಕ್ಷರದಲ್ಲಿ ಬರೆದು ದಿಂಬಿನ ಬಳಿ ಇಡಿರಿ.

ಮನೆಯಲ್ಲಿ ಆಳುಕಾಳಿಲ್ಲದ ಕನ್ನಡಿಗರು ಈ ನಗರದಲ್ಲಿ ಬಹುಮಂದಿ. ಅಂಥವರ ಹಿರಿಯರು ಆಸ್ಪತ್ರೆಯಲ್ಲಿರುವಾಗ ಸರದಿಯಂತೆ ಒಂದೊಂದು ರಾತ್ರಿ ಜೊತೆಗಿರಲು ಸಂಘದಿಂದ ಒಂದು ಪಟ್ಟಿ ಸಿದ್ಧವಾಗಲೆಂದು ಕೋರುತ್ತೇವೆ. ಮೊದಲ ಹೆಸರು ನಮ್ಮದೇ ಇರಲಿ. ರಾಜ್ಯೋತ್ಸವದ ದಿನ ನುಡಿಯನ್ನು ಕೊಂಡಾಡುತ್ತೇವೆ, ನಡುರಾತ್ರಿಯಲ್ಲಿ ಒಬ್ಬ ಹಿರಿಯರಿಗೆ “ಏನು ಬೇಕಜ್ಜ?” ಎಂದು ಕೇಳುವುದೂ ಕನ್ನಡದ ಸೇವೆಯೇ.