ಕೂಡುದಾರಿಯ ಕಚೇರಿ

ಕಚೇರಿಯೊಂದನ್ನು ಎಲ್ಲಿ ಕಟ್ಟಬೇಕೆಂಬ ಪ್ರಶ್ನೆ ಉದ್ಭವಿಸಿದಾಗ ನೆಲದ ಬೆಲೆಯನ್ನೂ ಕಟ್ಟಡದ ವೈಶಾಲ್ಯವನ್ನೂ ಗಣಿಸುವವರು ಬಹಳ. ಬೀದರ ಜಿಲ್ಲೆಯ ನಿರ್ಣಾದಂಥ ಹಳ್ಳಿಯಿಂದ ಅರ್ಜಿ ಹಿಡಿದು ಹೊರಟ ರೈತನಿಗೆ ಆ ಬಾಗಿಲು ಎಷ್ಟು ದೂರವಾದೀತೆಂದು ಯೋಚಿಸುವವರು ವಿರಳ. ಆತನ ಪಾಲಿಗೆ ದೂರವೆಂಬುದು, ಎಷ್ಟು ಬಸ್ಸು ಬದಲಿಸಬೇಕು, ಹೊಲದ ಕೆಲಸ ಒಂದು ದಿನ ನಿಂತೀತೋ ಎರಡು ದಿನವೋ ಎಂಬುದರಲ್ಲಿದೆ.

ಈ ದೃಷ್ಟಿಯಿಂದ ಹುಮನಾಬಾದಿನ ಸ್ಥಾನವಿಶೇಷವು ಗಮನಾರ್ಹವಾದುದು. ಸೊಲ್ಲಾಪುರದಿಂದ ಹೈದರಾಬಾದಿಗೆ ಹೋಗುವ ಹೆದ್ದಾರಿಯನ್ನು ಬೀದರ–ಕಲಬುರಗಿ ಹೆದ್ದಾರಿಯು ಸಂಧಿಸುವುದು ಇಲ್ಲಿಯೇ. ಬಸವಕಲ್ಯಾಣದವರು ಸಸ್ತಾಪುರ ಬಂಗ್ಲಾದಲ್ಲಿ ಹೆದ್ದಾರಿ ಹಿಡಿದರೆ ನೇರವಾಗಿ ಇಲ್ಲಿಗೆ ಬರುತ್ತಾರೆ. 2017ರ ಅಕ್ಟೋಬರಿನಲ್ಲಿ ಸುಮಾರು 110 ಕಿಲೋಮೀಟರಿನ ಬೀದರ–ಕಲಬುರಗಿ ರೈಲುಮಾರ್ಗವು ಪೂರ್ತಿಯಾಗಿ ತೆರೆದ ಮೇಲೆ ರೈಲಿನ ಅನುಕೂಲವೂ ಒದಗಿತು. ಊರ ಹೊರಗೆ ಅಗ್ಗದ ನೆಲ ದೊರೆಯುವುದು ನಿಜ. ಆದರೆ ಸರಕಾರ ಒಮ್ಮೆ ಉಳಿಸಿದ ಆ ಹಣವನ್ನು ಹಳ್ಳಿಯ ಜನ ಸ್ಟ್ಯಾಂಡಿನಿಂದ ಆಟೋ ಬಾಡಿಗೆಯ ರೂಪದಲ್ಲಿ ವರ್ಷಾನುವರ್ಷ ತೆರಬೇಕಾಗುತ್ತದೆ. ಇದು ನ್ಯಾಯವಲ್ಲ.

ಹಾದಿಗಳಷ್ಟೇ ಮುಖ್ಯವಾದವು ಸುತ್ತಣ ಓಣಿಗಳು. ಕನ್ನಡ, ಮರಾಠಿ, ದಖನಿ ಉರ್ದು, ತೆಲುಗು, ತಾಂಡಾಗಳ ಲಂಬಾಣಿ ಇವೆಲ್ಲ ಕಿವಿಗೆ ಬೀಳುವ ಸೀಮೆಯಿದು. 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದುದರಿಂದ ಇಲ್ಲಿಯ ಹಳೆಯ ಭೂದಾಖಲೆಗಳು ಉರ್ದುವಿನಲ್ಲಿವೆ. ಅಜ್ಜನ ಕಾಲದ ಕಾಗದವನ್ನು ಓದಲಾರದೆ ಮೊಮ್ಮಗ ದಿಕ್ಕುಗೆಟ್ಟು ನಿಂತಾಗ, ಪಕ್ಕದ ಓಣಿಯ ಹಿರಿಯರೊಬ್ಬರು ಕನ್ನಡಕ ಏರಿಸಿ ಅದನ್ನು ಓದಿ ಹೇಳಬಲ್ಲರು. ಇಂಥ ನೆರವು ನಿರ್ಜನ ಬಯಲಿನ ಕಚೇರಿಗೆ ಎಲ್ಲಿಂದ ಬಂದೀತು? ಬಹುಭಾಷೆಯ ಜನರ ನಡುವೆ ನಿತ್ಯ ಕುಳಿತ ಗುಮಾಸ್ತನೂ ಕ್ರಮೇಣ ಎಲ್ಲರ ಮಾತಿಗೂ ಓಗೊಡಲು ಕಲಿಯುತ್ತಾನೆ.

ಬಗೆಬಗೆಯ ಜನ ಹೀಗೆ ಒಂದೆಡೆ ಕೂಡುವುದು ಈ ನೆಲಕ್ಕೆ ಹೊಸತಲ್ಲ. ಹನ್ನೊಂದನೆಯ ಶತಮಾನದಲ್ಲಿ ಚಾಲುಕ್ಯ ಒಂದನೆಯ ಸೋಮೇಶ್ವರನು ರಾಜಧಾನಿಯನ್ನಾಗಿಸಿಕೊಂಡ ಕಲ್ಯಾಣಕ್ಕೆ, ಅಂದರೆ ಇಂದಿನ ಬಸವಕಲ್ಯಾಣಕ್ಕೆ, ಬಿಲ್ಹಣ ಕವಿಯು ದೂರದ ಕಾಶ್ಮೀರದಿಂದ ಬಂದನು. ಅಲ್ಲಿಂದಲೇ ಆಳಿದ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರನು ರಚಿಸಿದ ಮಿತಾಕ್ಷರವು ಭರತಖಂಡದ ಬಹುಭಾಗಕ್ಕೆ ಧರ್ಮಶಾಸ್ತ್ರದ ಪ್ರಮಾಣವಾಯಿತು. ಮುಂದಿನ ಶತಮಾನದಲ್ಲಿ ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣನವರ ಸುತ್ತ ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ, ಡೋಹರ ಕಕ್ಕಯ್ಯ, ನುಲಿಯ ಚಂದಯ್ಯ ಮೊದಲಾದ ಕಾಯಕಜೀವಿಗಳು ನೆರೆದರು. ಭಂಡಾರದ ಲೆಕ್ಕ ನೋಡುವವರಿಗೂ ಹಗ್ಗ ಹೊಸೆಯುವವರಿಗೂ ನಡುವಣ ಹಾದಿ ನಡೆದು ಮುಗಿಸುವಷ್ಟೇ ಇದ್ದುದರಿಂದ ಅವರ ಸಂವಾದವು ಸುಗಮವಾಯಿತೆಂದು ನಾನು ನಂಬುತ್ತೇನೆ.